ಅತ್ತೆ ನೀರಿನ ಮೇಲೆ ನಡೆದ ದಿನ

ಆ ಬೆಳಿಗ್ಗೆ ಭಾವಿಕೇರಿಯಲ್ಲಿ ನಮ್ಮ ಗದ್ದೆ ಕಾಣುತ್ತಿರಲಿಲ್ಲ. ಹಿನ್ನೀರಿನ ಒಡ್ಡು ಒಡೆದು ಮೂರು ದಿನವಾಗಿತ್ತು. ತೆನೆ ಬಿಡುತ್ತಿದ್ದ ಭತ್ತವನ್ನೆಲ್ಲ ಮುಳುಗಿಸಿದ ಉಪ್ಪುನೀರು ಏನೂ ಆಗಿಲ್ಲವೆಂಬಂತೆ ಮಲಗಿತ್ತು. ಮಳೆ ನಿಂತಿತ್ತು. ಮೋಡಗಳು ಮೇಲೆಯೂ ಕೆಳಗೂ ಒಂದೇ ಸಮ ಸಾಗುತ್ತಿದ್ದವು. ನೋಡುತ್ತ ನಿಂತರೆ ನಾನೇ ತೇಲುತ್ತಿದ್ದೇನೆ ಅನಿಸುತ್ತಿತ್ತು.

ಬೆಳೆಹಾನಿ ಪರಿಹಾರದ ಸಮೀಕ್ಷೆಗೆ ಜನ ಬರುತ್ತಾರೆಂದು, ಅತ್ತೆಯ ಜೊತೆಗಿರಲು ಸೊಸೆಯಾದ ನಾನು ಶಿರವಾಡದ ಕೆಲಸಕ್ಕೆ ರಜೆ ಹಾಕಿ ಬಂದಿದ್ದೆ. ಬಂದದ್ದು ಒಬ್ಬಳು ಎಳೆಯ ಅಧಿಕಾರಿ. ಮೊಬೈಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಹಿಡಿದಿದ್ದಳು. ಗದ್ದೆಯ ಗಡಿಯಲ್ಲಿ ನಿಂತು ತೋರಿಸಿದರೆ ಫೋಟೊ ತೆಗೆಯುತ್ತೇನೆ ಎಂದವಳು, ನೀರು ನೋಡಿ ತಡವರಿಸಿದಳು.

"ಇದರಲ್ಲಿ ನಿಮ್ಮದು ಯಾವುದಮ್ಮಾ?"

"ಕಾಣೂದಿಲ್ಲ ಅಂದ್ರೆ ಇಲ್ಲ ಅಂತ ಆತಾ? ತಡಿ, ತೋರಿಸ್ತೆ" ಎಂದು ಅತ್ತೆ ಸೀರೆ ಎತ್ತಿ ಕಟ್ಟಿ ಇಳಿದೇಬಿಟ್ಟರು.

ಸುತ್ತ ಸೊಂಟದುದ್ದ ನೀರು. ಆದರೆ ಅತ್ತೆಯ ಪಾದ ಮುಳುಗಿದ ಬದುವನ್ನು ಹುಡುಕಿಕೊಂಡಿತು. ಅಲ್ಲಿ ನೀರು ಕಾಲಿನ ಹರಡಿನವರೆಗೆ ಮಾತ್ರ. ದಡದಿಂದ ನೋಡಿದರೆ ಅವರು ಮೋಡಗಳ ಮೇಲೆ ನಡೆಯುತ್ತಿದ್ದಂತಿತ್ತು. ಪ್ರತಿ ಮೂಲೆಯಲ್ಲೂ ನಿಂತು ತಿರುಗಿ ನೋಡುತ್ತಿದ್ದರು. ಹುಡುಗಿ ಫೋಟೊ ತೆಗೆಯುತ್ತಿದ್ದಳು.

"ಪಕ್ಕದ ಗದ್ದೆಯವರು ಬಂದಿಲ್ವಲ್ಲ. ಗಡಿ ತೋರಿಸುವವರಿಲ್ಲದಿದ್ರೆ ಅವರದನ್ನ ಬಿಟ್ಟು ಹೋಗ್ಬೇಕಾಗ್ತದೆ" ಎಂದಳು.

ಪಕ್ಕದ ಗದ್ದೆಯಾತ ಗಾರೆ ಕೆಲಸಕ್ಕೆ ಸದಾಶಿವಗಡಕ್ಕೆ ಹೋಗಿದ್ದ. ಅವನ ಮನೆಗೂ ನಮಗೂ ಬಹಳ ವರ್ಷಗಳಿಂದ ಮಾತಿರಲಿಲ್ಲ. ನಮ್ಮ ಮಾವ ಬದುವನ್ನು ಅವನ ಗದ್ದೆಯೊಳಕ್ಕೆ ಸರಿಸಿದ್ದಾರೆ ಎಂಬುದು ಅವನ ದೂರು. ಸುಳ್ಳು ಎಂದೇ ಮಾವ ಕೊನೆಯವರೆಗೂ ಹೇಳುತ್ತಿದ್ದರು. ನಾನೂ ಹಾಗೆಯೇ ನಂಬಿದ್ದೆ.

ಅತ್ತೆ ಅವನ ಗದ್ದೆಗೂ ನಮ್ಮದಕ್ಕೂ ನಡುವಿನ ಬದುವಿಗೆ ಬಂದರು. ಆಮೇಲೆ ಬದುವಿನಿಂದ ಇಳಿದು, ನಮ್ಮದೇ ಗದ್ದೆಯ ಕಡೆಗೆ ಎರಡು ಹೆಜ್ಜೆ ಇಟ್ಟು, ಸೊಂಟದವರೆಗೆ ಮುಳುಗಿ ನಿಂತರು.

"ಇಲ್ಲಿಂದ ಅವ್ನದು. ಬದು ಮೊದ್ಲು ಇಲ್ಲೇ ಇತ್ತು. ಸರಿಸ್ದವ್ರು ನಾವು."

ಮನೆಗೆ ಬರುವ ದಾರಿಯಲ್ಲಿ ನಾನು ಕೇಳಿದೆ: "ಯಾಕೆ ಹೇಳಿದ್ರಿ ಅತ್ತೆ?"

ಅವರು ಒದ್ದೆ ಸೆರಗು ಹಿಂಡುತ್ತ, "ಅವ್ನ ಭತ್ತನೂ ನಮ್ಮದ್ರ ಹಾಂಗೇ ಹೋತಲ್ಲೆ" ಎಂದಷ್ಟೇ ಅಂದರು.

ಪರಿಹಾರ ಮೊದಲು ಬಂದದ್ದು ಅವನ ಖಾತೆಗೆ. ನಮ್ಮದು ನಿಂತುಹೋಯಿತು, ಪಹಣಿಯಲ್ಲಿ ಇನ್ನೂ ತೀರಿಹೋದ ಮಾವನ ಹೆಸರೇ ಇತ್ತು. ಸುದ್ದಿ ತಿಳಿದು ಒಂದು ಸಂಜೆ ಆತ ನಮ್ಮ ಅಂಗಳಕ್ಕೆ ಬಂದ. ಕೂತುಕೋ ಎಂದರೂ ಕೂರಲಿಲ್ಲ.

"ಅಕ್ಕಾ, ನಾಳೆ ಕಾಗದ ಎಲ್ಲಾ ತಕಂಡು ಅಂಕೋಲೆ ತಾಲೂಕು ಆಫೀಸಿಗೆ ಹೋಗ್ವಾ. ಹೆಸ್ರು ಬದ್ಲ್ ಮಾಡೂದು ಹ್ಯಾಂಗೆ ಅಂತ ನಂಗೆ ಗೊತ್ತದೆ."

"ನಿಂಗೆ ಕೆಲ್ಸ ಇಲ್ವನಾ?"

"ಕೆಲ್ಸ ದಿನಾ ಇರ್ತದೆ."

ಇಬ್ಬರೂ ಒಂದೇ ಬಸ್ಸಿನಲ್ಲಿ ನಾಲ್ಕು ಸಲ ಹೋಗಿಬಂದರು. ಐದನೆಯ ಸಲ ಹೋಗುವ ಮೊದಲೇ ಹಣ ಜಮೆಯಾಯಿತು. ಬೇಸಿಗೆಯಲ್ಲಿ ಅವನೂ ನನ್ನ ಗಂಡನೂ ಹೊಸ ಬದು ಕಟ್ಟಿದರು. ಎಲ್ಲಿ ಕಟ್ಟಬೇಕೆಂದು ಅತ್ತೆ ನೆರಳಲ್ಲಿ ಕೂತೇ ಹೇಳುತ್ತಿದ್ದರು. ಮಧ್ಯಾಹ್ನ ಮೂವರಿಗೂ ಗಂಜಿ ಬಡಿಸಿದ್ದು ನಾನು.