ಬಾಯಿ ಮುಚ್ಚಿದ ಸಿಂಹ

ಮನೆಯ ದೇವರ ಗೂಡಿನಲ್ಲಿಡುವ ಹಿತ್ತಾಳೆಯ ಪುಟ್ಟ ಪ್ರಾಣಿಗಳನ್ನು ಮಾಡುವುದು ಆ ಮನೆಯವರ ಕಸುಬು. ಶಿವನ ನಂದಿ, ಗಣಪತಿಯ ಇಲಿ, ದೇವಿಯ ಸಿಂಹ. ಮಾವ ಮೇಣದಲ್ಲಿ ರೂಪ ತಿದ್ದುತ್ತಿದ್ದರು, ಗಂಡ ಎರಕ ಹೊಯ್ಯುತ್ತಿದ್ದ, ಸೊಸೆ ಉಜ್ಜಿ ಹೊಳಪು ಕೊಡುತ್ತಿದ್ದಳು. ಅರಳು ಹುರಿದಂತೆ ಮಾತಾಡುವ ಅವಳಿಗೆ ಬೀದಿಯವರಿಟ್ಟ ಹೆಸರು 'ಚಟಪಟ'.

ಉಳಿದ ಮೇಣದ ಚೂರುಗಳಲ್ಲಿ ಚಟಪಟಳೂ ಆಗಾಗ ಏನಾದರೂ ಮಾಡುವುದಿತ್ತು. ಮಾವ ಅದನ್ನು ನೋಡಿಯೂ ನೋಡದಂತೆ ಮತ್ತೆ ಕರಗಿಸುವ ಬಾಣಲೆಗೆ ಹಾಕಿಬಿಡುತ್ತಿದ್ದರು.

ಒಮ್ಮೆ ಮಾವನಿಗೆ ಕಣ್ಣಿನ ಪೊರೆ ತೆಗೆಸಬೇಕಾಯಿತು. ಕಣ್ಣಿಗೆ ಪಟ್ಟಿ, ಕೈಗೆ ರಜೆ. ಹಲ್ಲಿನ ಡಾಕ್ಟರಮ್ಮ ಒಬ್ಬರು ಸಿಂಹ ಬೇಕೆಂದು ಹೇಳಿಹೋಗಿದ್ದರು.

"ನಾನೇ ಮಾಡ್ಲಾ?" ಎಂದು ಅವಳು ಗಂಡನನ್ನು ಕೇಳಿದಳು.

"ಮಾಡು. ಅಪ್ಪ ಬೈಯೋ ಹೊತ್ತಿಗೆ ಮಾತ್ರ ನಾನು ಊರಲ್ಲಿರಲ್ಲ."

ಅವಳು ಜನ್ಮದಲ್ಲಿ ಜೀವಂತ ಸಿಂಹ ಕಂಡವಳಲ್ಲ. ಬಾಯಿ ತೆರೆದು ಗರ್ಜಿಸುವ ಮಾವನ ಸಿಂಹಗಳೆಲ್ಲ ಮಾರಾಟವಾಗಿದ್ದವು. ಕಣ್ಣೆದುರಿಗಿದ್ದದ್ದು ಇದ್ದಿಲ ಚೀಲದ ಮೇಲೆ ಒರಗಿದ್ದ ಬೆಕ್ಕು. ಅದನ್ನೇ ನೋಡುತ್ತ ಮೇಣದಲ್ಲಿ ಮುಖ ತಿದ್ದಿ, ಸುತ್ತ ಕೇಸರ ಅಂಟಿಸಿದಳು. ಗಂಡ ಅದಕ್ಕೆ ಮಣ್ಣು ಮೆತ್ತಿ, ಕಾಯಿಸಿ, ಮೇಣ ಕರಗಿ ಹೋದ ಜಾಗಕ್ಕೆ ಹಿತ್ತಾಳೆ ಹೊಯ್ದ. ತಣ್ಣಗಾದ ಮೇಲೆ ಮಣ್ಣು ಒಡೆದರೆ, ಬಾಯಿ ಮುಚ್ಚಿಕೊಂಡು ಆರಾಮವಾಗಿ ಕೂತ ಸಿಂಹ!

ಪಟ್ಟಿ ಬಿಚ್ಚಿದ ಮಾವ ಮೊದಲು ನೋಡಿದ್ದೇ ಅದನ್ನು. "ಇದೇನಮ್ಮ, ದೇವಿ ಕೂರೋ ಸಿಂಹನೋ, ಹಾಲು ಕದ್ದ ಬೆಕ್ಕೋ? ಕರಗಿಸು ಇದನ್ನ!"

ಗಂಡ ನಿಜಕ್ಕೂ ಹಿತ್ತಲ ಬಾಗಿಲಿನಿಂದ ಮಾಯವಾಗಿದ್ದ. ಅಷ್ಟರಲ್ಲಿ ಡಾಕ್ಟರಮ್ಮ ಒಳಗೆ ಬಂದರು. ಸಿಂಹವನ್ನು ಅಂಗೈಲಿಟ್ಟುಕೊಂಡು ನಕ್ಕೇ ನಕ್ಕರು.

"ಬೆಳಗಿಂದ ಸಂಜೆವರೆಗೂ ಬಾಯಿ ತೆರೆದವರನ್ನೇ ನೋಡಿ ಸಾಕಾಗಿದೆ ನಂಗೆ. ಮನೇಲಾದ್ರೂ ಬಾಯಿ ಮುಚ್ಕೊಂಡಿರೋದು ಒಂದು ಇರ್ಲಿ. ಇದನ್ನೇ ಕೊಡಿ."

ಸುದ್ದಿ ಬಾಯಿಂದ ಬಾಯಿಗೆ ಹರಡಿತು. "ಆ ಶಾಂತ ಸಿಂಹ ನಮ್ಗೂ ಬೇಕು" ಎಂದು ಜನ ಬರತೊಡಗಿದರು. ಮಾವನ ಮುಖ ಮಾತ್ರ ಊದಿಕೊಂಡೇ ಇತ್ತು. ಅವಳಿಗೆ ಖುಷಿಯ ಜೊತೆಗೇ ಸಂಕಟ. ಕೊನೆಗೆ ಒಂದು ದಿನ ಕೇಳಿಯೇಬಿಟ್ಟಳು.

"ಮಾವ, ನೀವು ಸಿಂಹನ ಎಲ್ಲಿ ನೋಡಿದ್ರಿ?"

ಮಾವ ತಡವರಿಸಿದರು. "ನಾನೆಲ್ಲಿ ನೋಡ್ದೆ? ನಮ್ಮಪ್ಪ ಮಾಡಿದ್ದು ನೋಡಿ ಮಾಡ್ದೆ."

"ಅವರು?"

"ಅವರಪ್ಪ ಮಾಡಿದ್ದು ನೋಡಿ."

ಅವಳಿಗೆ ನಗು ತಡೆಯಲಾಗಲಿಲ್ಲ. ಮಾವನಿಗೂ ನಗು ಬಂತು. ಮರುದಿನವೇ ಇಬ್ಬರೂ ಬಸ್ಸು ಹತ್ತಿ ಮೃಗಾಲಯಕ್ಕೆ ಹೋದರು.

ಸಿಂಹ ಮರದ ನೆರಳಲ್ಲಿ ಕಾಲು ಚೆಲ್ಲಿ ಮಲಗಿತ್ತು. ಮಾವ ಸರಳಿನ ಮುಂದೆ ತುಂಬಾ ಹೊತ್ತು ನಿಂತರು. ಅದು ಒಂದೇ ಕಣ್ಣು ತೆರೆದು ಇವರನ್ನು ನೋಡಿ, ಮಗ್ಗುಲು ಬದಲಿಸಿ ಮತ್ತೆ ಮಲಗಿತು.

"ನೀನು ಮಾಡಿದ್ದೇ ಸರಿ ಕಣಮ್ಮ" ಎಂದರು ಮಾವ, ಮೆಲ್ಲಗೆ.

"ಅಯ್ಯೋ, ಇಂಥದ್ರ ಮೇಲೆ ಕೂತ್ರೆ ದೇವಿ ಯುದ್ಧಕ್ಕೆ ಹೋದ ಹಾಗೇ! ನೀವು ಮಾಡೋದೂ ಬೇಕು ಮಾವ."

ಮಾರನೆಯ ಬೆಳಿಗ್ಗೆ ಮಾವ ತಮ್ಮ ಪಕ್ಕದಲ್ಲೇ ಅವಳಿಗೆ ಮಣೆ ಹಾಕಿ, ಕೇಸರದ ಎಳೆ ಬಿಡಿಸುವುದನ್ನು ಕೈಹಿಡಿದು ಕಲಿಸಿದರು. ಈಗ ಗಿರಾಕಿಗಳು ಬಂದರೆ ಮಾವನೇ ಎದ್ದು ಹೇಳುತ್ತಾರೆ: "ಗರ್ಜಿಸೋದು ಬೇಕಾದ್ರೆ ನನ್ನ ಹತ್ರ ಇದೆ. ಮನೇಲಿ ನೆಮ್ಮದಿ ಬೇಕಾದ್ರೆ ನನ್ನ ಸೊಸೆನ ಕೇಳಿ."