ಸ್ಟಾರ್ಟರ್ ಡಬ್ಬಿಯೊಳಗಿನ ಚಿತ್ರ

ಕಣಗಲಾ ಊರಿನ ಒಂದು ತೋಟಕ್ಕೆ ಪಂಪಿನ ಸ್ಟಾರ್ಟರ್ ರಿಪೇರಿಗೆ ನನ್ನನ್ನು ಕರೆದಿದ್ದರು. ನಾನು ತಲುಪುವಷ್ಟರಲ್ಲಿ ಅದು ಸರಿಯಾಗಿತ್ತು. ಯಾವ ತಂತಿ ಎಲ್ಲಿಗೆ ಎಂದು ತೋರಿಸುವ ಚಿತ್ರ ಮುಚ್ಚಳದೊಳಗೆ ಅಂಟಿಸಿತ್ತು.

"ನಮ್ಮ ಹುಡುಗಿ ಮಾಡ್ಯಾಳ್ರಿ," ಎಂದ ತೋಟದವ. "ಎಂಜಿನಿಯರಿಂಗ್ ಸೀಟೂ ಸಿಕ್ಕೈತಿ. ಅಷ್ಟು ಕಲತ್ರ ನಮ್ಮ ಮಂದ್ಯಾಗ ವರ ಎಲ್ಲಿಂದ ತರೂದು?"

"ಕಳಸೋ ತಮ್ಮಾ," ಎಂದೆ.

"ಕಾಕಾ, ನಿಮ್ಮ ಮಗಳನ್ನ ಎಷ್ಟು ಓದಿಸಿದ್ರಿ?"

ಹತ್ತನೆಯದು ಮುಗಿದೊಡನೆ ಹುಕ್ಕೇರಿಗೆ ಮದುವೆ ಮಾಡಿಕೊಟ್ಟಿದ್ದೆ. ಸಾಮಾನಿನ ಚೀಲ ಎತ್ತಿಕೊಂಡೆ. ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಹುಡುಗಿ ಒಳಗೆ ಹೋದಳು.

ಮರುವರ್ಷ ಸ್ಟಾರ್ಟರ್ ಕೆಟ್ಟು ಮತ್ತೆ ಕರೆದರು. ಅಷ್ಟರಲ್ಲಿ ಅವಳನ್ನು ಮೂಡಲಗಿಗೆ ಕೊಟ್ಟಾಗಿತ್ತು. "ಮನ್ಯಾಗ ರಿಪೇರಿ ಬಲ್ಲವ್ರು ಯಾರೂ ಇಲ್ಲರಿ," ಎಂದ ಅಪ್ಪ.

ನನಗೋ ಕಣ್ಣು ಮಂಜು, ನೆನಪೂ ಅಷ್ಟಕ್ಕಷ್ಟೇ. ಅವಳ ಚಿತ್ರ ನೋಡಿಕೊಂಡೇ ತಂತಿ ಜೋಡಿಸಿದೆ. ಪಂಪು ನೀರೆತ್ತಿತು.

"ಏನ ಅನ್ರಿ ಕಾಕಾ, ಗಂಡಸರ ಕೆಲಸ ಗಂಡಸರೇ ಮಾಡಬೇಕ್ರಿ," ಎಂದು ಆತ ಚಹಾ ಕೊಟ್ಟ. ಕುಡಿದು ಬಂದೆ.