ಮೂರನೇ ಸುತ್ತು

ನಿಮ್ಮನ್ನು ನಂಬಿಸಬೇಕೆಂಬ ಆಸೆ ನನಗಿಲ್ಲ. ಆದರೆ ಇದು ನಡೆದದ್ದು. ಜಂಗಮಕೋಟೆಯ ನಮ್ಮ ಮನೆಯಲ್ಲೇ, ಹೋದ ಮಹಾಲಯ ಅಮಾವಾಸ್ಯೆಯ ರಾತ್ರಿ. ಕೇಳಿಸಿಕೊಂಡವಳು ನಾನೊಬ್ಬಳೇ ಅಲ್ಲ.

ನಮ್ಮನೆಯವರು ಹೈಸ್ಕೂಲಿನಲ್ಲಿ ಗುಮಾಸ್ತರಾಗಿದ್ದರು. ನಿಜವಾದ ವಿಮಾನವನ್ನು ಒಂದು ಸಲವೂ ಹತ್ತಿದವರಲ್ಲ. ಸಂಜೆಯಾದರೆ ನಡುಮನೆಯ ಕಂಪ್ಯೂಟರಿನ ಮುಂದೆ ಕೂತು, ಜಾಯ್‌ಸ್ಟಿಕ್ ಹಿಡಿದು, ಎರಡು ಸೀಟಿನ ಸಣ್ಣ ವಿಮಾನ ಹಾರಿಸುತ್ತಿದ್ದರು. ನಂದಿಬೆಟ್ಟ ಬಳಸಿ ನಮ್ಮೂರಿನ ಮೇಲೆ ಬಂದ ಕೂಡಲೇ ಕೂಗು.

“ಲೇ, ತಾರಸಿ ಲೈಟ್ ಹಾಕೇ! ಮನೆ ಕಾಣ್ತಿಲ್ಲ.”

ಪರದೆಯಲ್ಲಿ ನಮ್ಮ ಮನೆ ಎಲ್ಲಿಂದ ಬರಬೇಕು? ಬರೀ ಕಪ್ಪು. “ಮಿಕ್ಸಿ ಥರ ಅರಚೋ ವಿಮಾನಕ್ಕೆ ಲೈಟ್ ಬೇರೆ ಕೇಡು” ಎಂದು ಬೈಯುತ್ತಲೇ ಎದ್ದು ಸ್ವಿಚ್ ಒತ್ತುತ್ತಿದ್ದೆ.

“ಹಾಕ್ದಿದ್ರೆ ಏನ್ಮಾಡ್ತೀರ?” ಎಂದು ಒಮ್ಮೆ ಕೇಳಿದ್ದೆ.

“ಮೂರು ಸುತ್ತು ನೋಡ್ತೀನಿ. ಕಾಣ್ದಿದ್ರೆ ಬೇರೆ ಊರಲ್ಲಿ ಇಳೀತೀನಿ ಕಣೇ.”

ಒಂದು ಬೇಸಿಗೆಯ ಬೆಳಿಗ್ಗೆ ಶಾಲೆಯಲ್ಲೇ ಎದೆನೋವು ಬಂತು. ಆಸ್ಪತ್ರೆ ಮುಟ್ಟಲಿಲ್ಲ.

ವರ್ಷ ತುಂಬಿದ ಮೇಲೆ ಅದು ಮೊದಲ ಪಿತೃಪಕ್ಷ. ನಮ್ಮಲ್ಲಿ ಹೋದವರಿಗೆ ಎಡೆ ಇಟ್ಟು, ಬಾಗಿಲು ಮುಚ್ಚಿ, ಎಲ್ಲರೂ ಹೊರಗೆ ಕೂರುತ್ತೇವೆ. ಅವರು ಬಂದು ಉಂಡು ಹೋಗುವವರೆಗೆ ಬಾಗಿಲು ತೆಗೆಯುವಂತಿಲ್ಲ. ನನಗೆ ಬೇಕಿದ್ದದ್ದೂ ಅಷ್ಟೇ... ಒಂದು ಸಲ ಮನೆಗೆ ಬಂದು, ಉಂಡು ಹೋಗಲಿ.

ಮುದ್ದೆ, ಅನ್ನ, ಕೋಳಿಸಾರು, ಕಜ್ಜಾಯ, ಹೊಸ ಪಂಚೆ ಇಟ್ಟೆವು. ಮೈದುನ ಮಂಜು ಪಕ್ಕದಲ್ಲಿ ಜಾಯ್‌ಸ್ಟಿಕ್ ಇಟ್ಟ. “ಅಣ್ಣ ಊಟ ಬಿಟ್ಟಾನು, ಇದನ್ನ ಬಿಡಲ್ಲ ಅತ್ಗೆ.”

ಅಷ್ಟರಲ್ಲಿ ನಡುಮನೆಯ ಬಲ್ಬು ಸುಟ್ಟುಹೋಯಿತು. ಅಂಗಡಿ ಮುಚ್ಚಿತ್ತು. ಅವರು ಕತ್ತಲಲ್ಲಿ ಉಣ್ಣಬಾರದಲ್ಲ ಎಂದು, ನಾನೇ ತಾರಸಿಯ ಬಲ್ಬು ಬಿಚ್ಚಿ ತಂದು ಅವರ ಫೋಟೋದ ಮೇಲೆ ಹಾಕಿದೆ. ನನ್ನ ಕೈಯಾರೆ.

ಬಾಗಿಲು ಮುಚ್ಚಿ ಜಗಲಿಯಲ್ಲಿ ಕೂತೆವು. ಪಕ್ಕದ ಹುಳು ಮನೆಯಿಂದ ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ ಬರುತ್ತಿತ್ತು. ರೇಷ್ಮೆಹುಳುಗಳು ಸೊಪ್ಪು ಮೇಯುವ ಸದ್ದು... ಸಣ್ಣ ಮಳೆಯ ಹಾಗೆ.

ಆಮೇಲೆ ಇನ್ನೊಂದು ಸದ್ದು.

ನಮ್ಮ ಕಡೆ ವಿಮಾನದ ಸದ್ದು ಹೊಸದಲ್ಲ. ದೊಡ್ಡವು ದಿನವೂ ಹೋಗುತ್ತವೆ, ಎತ್ತರದಲ್ಲಿ. ಇದು ಹಾಗಲ್ಲ. ತೀರಾ ಕೆಳಗೆ... ಮಿಕ್ಸಿ ಥರ.

ಮಂಜು ನನ್ನ ಮುಖ ನೋಡಿದ. “ಅತ್ಗೆ... ಕಂಪ್ಯೂಟರ್ ಆಫ್ ಮಾಡಿದ್ರಾ?”

“ಪ್ಲಗ್ ಕಿತ್ತಿಟ್ಟು ವರ್ಷ ಆಯ್ತು ಕಣೋ.”

ಸದ್ದು ಮನೆಯನ್ನು ಒಂದು ಸುತ್ತು ಹಾಕಿತು. ತಲೆ ಎತ್ತಿದೆ. ನಕ್ಷತ್ರ ಬಿಟ್ಟರೆ ಏನೂ ಇಲ್ಲ. ತಾರಸಿಯೂ ಕತ್ತಲೆ.

ಆಗ ಹೊಳೆಯಿತು. ಬಾಗಿಲಿಗೆ ಕೈ ಹಾಕಿದೆ.

ಅತ್ತೆ ರಟ್ಟೆ ಹಿಡಿದುಕೊಂಡರು. “ತೆಗೀಬೇಡಮ್ಮ, ಕೈ ಮುಗೀತೀನಿ. ಅರ್ಧ ಊಟದಲ್ಲಿ ಎದ್ದೋಗ್ತಾನೆ ನನ್ಮಗ.”

“ಅವ್ರು ಒಳಗಿಲ್ಲ ಅತ್ತೆ! ಬಲ್ಬು ಬೇಕು, ಬಿಡಿ!”

ಬಿಡಲಿಲ್ಲ. ಕಿವಿ ಮಂದವಾದ ಅವರಿಗೆ ಏನೂ ಕೇಳಿಸಿರಲಿಲ್ಲ. ಎರಡನೇ ಸುತ್ತು ಇನ್ನೂ ಕೆಳಗೆ ಬಂತು... ಕಿಟಕಿಯ ಗಾಜು ಅದುರಿತು.

ಕೈ ಕೊಸರಿಕೊಂಡು ಹೊರಮೆಟ್ಟಿಲು ಹತ್ತಿ ಓಡಿದೆ. ಮೊಬೈಲಿನ ಟಾರ್ಚ್ ಎತ್ತಿ ಹಿಡಿದು ಬೀಸಿದೆ. ಎಷ್ಟು ಸಣ್ಣ ಬೆಳಕು ಅದು... ನನ್ನ ಕೈಯೇ ನನಗೆ ಸರಿಯಾಗಿ ಕಾಣುತ್ತಿರಲಿಲ್ಲ.

“ಇಲ್ಲೇ ರೀ... ಇಲ್ಲೇ ಮನೆ...”

ಮೂರನೇ ಸಲ ಸದ್ದು ನನ್ನ ತಲೆಯ ಮೇಲೆಯೇ ಹಾದುಹೋಯಿತು. ಕೂದಲು ಹಾರಿತು. ಆಮೇಲೆ ತೆಳ್ಳಗಾಗುತ್ತಾ, ತೆಳ್ಳಗಾಗುತ್ತಾ... ಹುಳುಗಳು ಮೇಯುವುದಷ್ಟೇ ಕೇಳುತ್ತಿತ್ತು.

ಬಾಗಿಲು ತೆಗೆದಾಗ ಎಡೆಯಲ್ಲಿ ಒಂದು ಅಗುಳೂ ಅಲುಗಿರಲಿಲ್ಲ. ಫೋಟೋದ ಮೇಲೆ ಬಲ್ಬು ಉರಿಯುತ್ತಿತ್ತು. ಪ್ಲಗ್ ನೆಲದ ಮೇಲೇ ಬಿದ್ದಿತ್ತು, ಆದರೂ ಬಿಸಿಯಾದ ಕಂಪ್ಯೂಟರಿನ ಧೂಳಿನ ವಾಸನೆ. ಮಂಜು ಜಾಯ್‌ಸ್ಟಿಕ್ ಎತ್ತಿಕೊಂಡವನು ನನ್ನ ಕೈಗಿಟ್ಟ. ಅದರ ಹಿಡಿ ಬೆವೆತಿತ್ತು. ವಿಮಾನ ಇಳಿಸುವಾಗ ಅವರ ಅಂಗೈ ಹಾಗೇ ಬೆವರುತ್ತಿತ್ತು.

ಅಂದು ರಾತ್ರಿಯೇ ಬಲ್ಬು ತಾರಸಿಗೆ ಹಾಕಿದೆ. ಈಗಲೂ ಕತ್ತಲಾದರೆ ಉರಿಸುತ್ತೇನೆ. ಆ ಸದ್ದು ಮತ್ತೆ ಬಂದಿಲ್ಲ. ಬರುವುದೂ ಇಲ್ಲ, ನನಗೆ ಗೊತ್ತು. ಮೂರು ಸುತ್ತು ಮುಗಿದಿದೆ.

ಬೇರೆ ಊರು ಯಾವುದೆಂದು ಅವತ್ತು ನಾನು ಕೇಳಿರಲಿಲ್ಲ.